ಮುದಿ ಬೆಕ್ಕಿನ ಮೂತ್ರಪಿಂಡ: ಊಟವೇ ಚಿಕಿತ್ಸೆಯಾಗುವ ಬಗೆ



ಪಶುವೈದ್ಯಕೀಯದ ಉಪನ್ಯಾಸವೆಂದರೆ ನಮ್ಮಲ್ಲಿ ಹಸು, ಎಮ್ಮೆ, ಕುರಿ, ಕೋಳಿಗಳ ಮಾತು ಬರುವುದು ರೂಢಿ. ರೈತನ ಬದುಕು ಅವುಗಳನ್ನು ನಂಬಿಕೊಂಡಿರುವುದರಿಂದ ಅದು ಸಹಜವೇ. ಬೆಕ್ಕು ಹಾಲು ಕೊಡುವುದಿಲ್ಲ, ಗೊಬ್ಬರ ಕೊಡುವುದಿಲ್ಲ. ಕಣಜದ ಇಲಿ ಹಿಡಿದ ಕಾಲವೂ ಎಷ್ಟೋ ಮನೆಗಳಲ್ಲಿ ಮುಗಿದಿದೆ. ಆದರೂ ಹತ್ತು ಹದಿನೈದು ವರ್ಷ ನಮ್ಮ ಜೊತೆ ಬದುಕಿ, ಮಕ್ಕಳು ದೂರದ ಊರಿಗೆ ಹೋದ ಮೇಲೆ ಅಪ್ಪ ಅಮ್ಮಂದಿರಿಗೆ ಜೊತೆಯಾಗಿ ಉಳಿಯುವ ಜೀವ ಅದು. ಅದರ ಮುಪ್ಪಿನ ಬಗ್ಗೆ ಒಂದು ಸಾರ್ವಜನಿಕ ಸಭೆಯಲ್ಲಿ ಗಂಭೀರವಾಗಿ ಮಾತಾಡಬೇಕು ಎಂಬುದು ನನ್ನ ಬಹುದಿನದ ಆಸೆ.

ವಯಸ್ಸಾದ ಬೆಕ್ಕುಗಳನ್ನು ಅತಿ ಹೆಚ್ಚಾಗಿ ಕಾಡುವ ಕಾಯಿಲೆಗಳಲ್ಲಿ ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಮುಖ್ಯವಾದದ್ದು. ನಾನು ಹೇಳಬೇಕೆಂದಿರುವುದು ಇಷ್ಟು: ಈ ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಅದು ಎಷ್ಟು ಬೇಗ ಮುಂದುವರಿಯುತ್ತದೆ ಎಂಬುದು ಬಹುಮಟ್ಟಿಗೆ ಬೆಕ್ಕಿನ ತಟ್ಟೆಯನ್ನು ಅವಲಂಬಿಸಿದೆ. ಆ ತಟ್ಟೆಗೆ ಹಾಕುವವರು ಮನೆಯವರು. ಹಾಗಾಗಿ ಈ ಕಾಯಿಲೆಯ ಚಿಕಿತ್ಸೆಯಲ್ಲಿ ವೈದ್ಯರಷ್ಟೇ ಪಾಲು ಮನೆಯವರಿಗೂ ಇದೆ. ನಾಲ್ಕು ಭಾಗಗಳಲ್ಲಿ ಮಾತಾಡುತ್ತೇನೆ. ಬೆಕ್ಕಿನ ಮೂತ್ರಪಿಂಡ ಏಕೆ ಸೋಲುತ್ತದೆ ಎಂಬುದು ಒಂದು. ಸೋಲನ್ನು ಬೇಗ ಗುರುತಿಸುವುದು ಹೇಗೆ ಎಂಬುದು ಎರಡು. ಮೂರನೆಯದು ಆಹಾರ, ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ. ಕೊನೆಯದು ಔಷಧ, ಮನೆಯ ಆರೈಕೆ ಮತ್ತು ಅಂತ್ಯದ ದಿನಗಳು.

ಮೊದಲ ಭಾಗಕ್ಕೆ ಬರೋಣ. ನಮ್ಮ ಮನೆಬೆಕ್ಕು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನಾಡಿನ ಕಾಡುಬೆಕ್ಕಿನ ವಂಶದ್ದು. ಫೆಲಿಸ್ ಲಿಬಿಕಾ ಎಂಬುದು ಆ ಕಾಡುಬೆಕ್ಕಿನ ಶಾಸ್ತ್ರೀಯ ಹೆಸರು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ನಮ್ಮಿಬ್ಬರ ನಂಟು ಅಷ್ಟು ಹಳೆಯದು. ನೀರು ಅಪರೂಪವಾದ ನಾಡಿನಲ್ಲಿ ಆ ಪ್ರಾಣಿ ಬದುಕಿದ್ದು ಬೇಟೆಯ ಮೈಯಲ್ಲಿದ್ದ ನೀರಿನಿಂದ. ಇಲಿಯ ದೇಹದಲ್ಲಿ ಸುಮಾರು 70% ನೀರೇ ಇರುತ್ತದೆ. ಸಿಕ್ಕ ನೀರನ್ನು ಪೋಲು ಮಾಡದೆ ಉಳಿಸಿಕೊಳ್ಳುವ ಕೆಲಸ ಮೂತ್ರಪಿಂಡದ್ದು. ಮನುಷ್ಯನ ಮೂತ್ರಕ್ಕೆ ಹೋಲಿಸಿದರೆ ಬೆಕ್ಕು ತನ್ನ ಮೂತ್ರವನ್ನು ಎರಡು ಪಟ್ಟಿಗೂ ಹೆಚ್ಚು ಗಟ್ಟಿಯಾಗಿಸಬಲ್ಲದು. ಇಂಥ ಜೀವಕ್ಕೆ ಬಾಯಾರಿಕೆಯ ಅರಿವು ಮಂದವಾಗಿರುವುದು ಆಶ್ಚರ್ಯವಲ್ಲ. ಇವತ್ತು ಅದೇ ಬೆಕ್ಕಿಗೆ ನಾವು 10% ಕೂಡ ನೀರಿಲ್ಲದ ಒಣ ಕಾಳನ್ನು ಹಾಕಿ, ಬೇಕಾದಷ್ಟು ನೀರನ್ನು ತಾನೇ ಕುಡಿದುಕೊಳ್ಳುತ್ತದೆ ಎಂದು ನಂಬಿದ್ದೇವೆ.

ಇನ್ನೊಂದು ಸಂಗತಿ ಎಣಿಕೆಗೆ ಸೇರಿದ್ದು. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ಘಟಕಗಳಿಗೆ ನೆಫ್ರಾನ್ ಎನ್ನುತ್ತೇವೆ. ಮನುಷ್ಯನ ಒಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿದ್ದರೆ ನಾಯಿಗೆ ಸುಮಾರು 4 ಲಕ್ಷ, ಬೆಕ್ಕಿಗೆ ಸುಮಾರು 2 ಲಕ್ಷ. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಸತ್ತವುಗಳ ಪಾಲಿನ ಕೆಲಸವನ್ನೂ ಹೊರುತ್ತವೆ, ಆ ಹೊರೆಯಿಂದಲೇ ಮುಂದೆ ಅವೂ ಸವೆಯುತ್ತವೆ. ಸವೆತ ಯಾವುದರಿಂದ ಶುರುವಾಯಿತೆಂದು ಹೆಚ್ಚಿನ ಬೆಕ್ಕುಗಳಲ್ಲಿ ಹೇಳಲಾಗುವುದಿಲ್ಲ. ಹಳೆಯ ಸೋಂಕು, ಮೂತ್ರನಾಳದ ಕಲ್ಲು, ಪರ್ಷಿಯನ್ ತಳಿಯಲ್ಲಿ ಅನುವಂಶೀಯವಾಗಿ ಬರುವ ನೀರುಗುಳ್ಳೆಗಳು, ಇವು ಗೊತ್ತಿರುವ ಕೆಲವು ಕಾರಣಗಳು.

ಇಲ್ಲಿ ಗಮನಿಸಬೇಕಾದದ್ದು ಕಾಯಿಲೆಯ ಮೌನ. ಮೂತ್ರಪಿಂಡದ ಸುಮಾರು ಮೂರನೇ ಎರಡು ಭಾಗ ನಷ್ಟವಾದ ಮೇಲೆ ಮೂತ್ರವನ್ನು ಗಟ್ಟಿಯಾಗಿಸುವ ಶಕ್ತಿ ಹೋಗುತ್ತದೆ. ಮುಕ್ಕಾಲು ಭಾಗ ನಷ್ಟವಾಗುವವರೆಗೆ ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಯೂರಿಯಾ ಎಂಬ ತ್ಯಾಜ್ಯಗಳು ಸ್ಪಷ್ಟವಾಗಿ ಏರುವುದಿಲ್ಲ. ಅಲ್ಲಿಯವರೆಗೆ ಬೆಕ್ಕು ಉಣ್ಣುತ್ತದೆ, ಮಲಗುತ್ತದೆ, ಕಿಟಕಿಯಲ್ಲಿ ಕೂತು ಹಕ್ಕಿ ನೋಡುತ್ತದೆ. ಮೇಲಾಗಿ, ನೋವನ್ನು ಹೊರಗೆ ತೋರಿಸದಿರುವುದು ಅದರ ಸ್ವಭಾವ. ಆದ್ದರಿಂದ ನಾವು ಕಾಯಿಲೆಯನ್ನು ಕಾಣುವ ಹೊತ್ತಿಗೆ ಅದು ಬಹುದೂರ ನಡೆದಿರುತ್ತದೆ.

ಹಾಗಾದರೆ ಬೇಗ ಗುರುತಿಸುವುದು ಹೇಗೆ? ಇದು ಎರಡನೆಯ ಭಾಗ. ಚಿಕಿತ್ಸಾಲಯಕ್ಕೆ ಬರುವವರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಡಾಕ್ಟ್ರೇ, ನೀರು ಚೆನ್ನಾಗಿ ಕುಡೀತಿತ್ತು, ಆರೋಗ್ಯವಾಗೇ ಇದೆ ಅಂದ್ಕೊಂಡಿದ್ವಿ." ನೀರಿನ ಕಡೆ ಹೆಚ್ಚು ಸುಳಿಯದ ಬೆಕ್ಕು ಇದ್ದಕ್ಕಿದ್ದಂತೆ ಬಚ್ಚಲ ಬಕೆಟ್ಟಿಗೆ ಬಾಯಿ ಹಾಕುವುದು, ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕಾಯುವುದು, ಗಿಡದ ಕುಂಡದ ತಟ್ಟೆ ನೆಕ್ಕುವುದು, ಇವೆಲ್ಲ ಮೂತ್ರಪಿಂಡ ನೀರು ಉಳಿಸಲಾರದೆ ಸೋತಿರುವುದರ ಗುರುತು ಆಗಿರಬಹುದು. ಮನೆಯೊಳಗೆ ಮರಳಿನ ಟ್ರೇ ಇಟ್ಟವರಿಗೆ ಒದ್ದೆ ಉಂಡೆಗಳು ದೊಡ್ಡದಾಗಿರುವುದು ಕಾಣುತ್ತದೆ. ಹಿತ್ತಿಲಿಗೆ ಹೋಗಿ ಬರುವ ಹಳ್ಳಿಯ ಬೆಕ್ಕಿನಲ್ಲಿ ಅದೂ ಕಾಣುವುದಿಲ್ಲ. ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳದೆ ಕೂದಲು ಒರಟಾಗುವುದು, ಬಾಯಿ ವಾಸನೆ, ಮಲಬದ್ಧತೆ, ಊಟದ ತಟ್ಟೆಯ ಹತ್ತಿರ ಬಂದು ಮೂಸಿ ಹಿಂದಿರುಗುವುದು, ವಾಂತಿ, ಇವು ಆಮೇಲೆ ಬರುತ್ತವೆ.

ಎಲ್ಲಕ್ಕಿಂತ ಮುಂಚೆ ಬರುವ ಸುಳಿವು ತೂಕ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ಕಾಯಿಲೆಯಿದ್ದ 569 ಬೆಕ್ಕುಗಳ ಹಳೆಯ ದಾಖಲೆಗಳನ್ನು ನೋಡಿತು. ರೋಗ ಪತ್ತೆಯಾಗುವ ಸುಮಾರು ಮೂರು ವರ್ಷ ಮೊದಲೇ ತೂಕ ಇಳಿಯತೊಡಗಿತ್ತು. ಪತ್ತೆಗೆ ಹಿಂದಿನ ಒಂದು ವರ್ಷದಲ್ಲಿ ಇಳಿದದ್ದು ಸುಮಾರು 9%. ನಾಲ್ಕು ಕಿಲೋ ಬೆಕ್ಕಿನಲ್ಲಿ ಅದು 350 ಗ್ರಾಂ ಆಸುಪಾಸು. ದಿನವೂ ನೋಡುವ ಕಣ್ಣಿಗೆ ಈ ಇಳಿಕೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಎಳೆಮಕ್ಕಳನ್ನು ತೂಗುವ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೆಕ್ಕನ್ನು ಎತ್ತಿಕೊಂಡು ಒಮ್ಮೆ, ಇಳಿಸಿ ಒಮ್ಮೆ ನಾವೇ ತೂಗಿ ಕಳೆಯಬಹುದು. ಪ್ರತಿ ತಿಂಗಳೂ ಒಂದೇ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ, ಆ ಬರಹ ವೈದ್ಯರಿಗೆ ಯಾವ ಸ್ಕ್ಯಾನಿಗೂ ಕಡಿಮೆಯಿಲ್ಲದ ಮಾಹಿತಿ.

ಇನ್ನು ಪರೀಕ್ಷೆಗಳು. ಹೆಚ್ಚು ನೀರು ಕುಡಿದು ತೂಕ ಇಳಿಯುವುದು ಸಕ್ಕರೆ ಕಾಯಿಲೆಯಲ್ಲೂ ಥೈರಾಯ್ಡ್ ಹೆಚ್ಚಾದಾಗಲೂ ಕಾಣುವುದರಿಂದ ಊಹೆಯ ಮೇಲೆ ಚಿಕಿತ್ಸೆ ಶುರುಮಾಡಬಾರದು. ಥೈರಾಯ್ಡ್ ಹೆಚ್ಚಾದಾಗ ಮೂತ್ರಪಿಂಡಕ್ಕೆ ರಕ್ತದ ಹರಿವು ಏರಿ, ಒಳಗಿನ ದೋಷ ಮರೆಯಾಗಿರುವುದೂ ಉಂಟು. ರಕ್ತದಲ್ಲಿ ಕ್ರಿಯಾಟಿನಿನ್, ಯೂರಿಯಾ, ರಂಜಕ, ಪೊಟ್ಯಾಸಿಯಂ. ಮೂತ್ರದಲ್ಲಿ ಸಾಂದ್ರತೆ ಮತ್ತು ಪ್ರೋಟೀನ್. ಇವುಗಳ ಜೊತೆಗೆ ರಕ್ತದೊತ್ತಡ ನೋಡಬೇಕು. ಆರೋಗ್ಯವಂತ ಬೆಕ್ಕಿನ ಮೂತ್ರದ ಸಾಂದ್ರತೆ ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ. ಗಟ್ಟಿಯಾಗಿಸುವ ಶಕ್ತಿ ಪೂರ್ತಿ ಹೋದಾಗ ಅದು 1.008ರಿಂದ 1.012ರ ನಡುವೆ ನಿಂತುಬಿಡುತ್ತದೆ. ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರ್ ಅಂಗೈಯಲ್ಲಿ ಹಿಡಿಯುವ, ದುಬಾರಿಯಲ್ಲದ ಉಪಕರಣ. ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಯಲ್ಲೂ ಕೆಲವು ಹನಿ ಮೂತ್ರದಿಂದ ಇದನ್ನು ನೋಡಬಹುದು.

ಕ್ರಿಯಾಟಿನಿನ್ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಅದು ಸ್ನಾಯುವಿನಿಂದ ಬರುವ ವಸ್ತು. ಬಡಕಲಾದ ಮುದಿ ಬೆಕ್ಕಿಗೆ ಸ್ನಾಯುವೇ ಕಡಿಮೆ, ಹಾಗಾಗಿ ಸಂಖ್ಯೆ ಸುಳ್ಳು ಸಮಾಧಾನ ಕೊಡಬಹುದು. 2015ರಿಂದ ಬಳಕೆಗೆ ಬಂದ ಎಸ್‌ಡಿಎಂಎ ಎಂಬ ರಕ್ತಪರೀಕ್ಷೆ ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸಿಲ್ಲ. ಸರಾಸರಿ 40% ಕಾರ್ಯಶಕ್ತಿ ನಷ್ಟವಾದಾಗಲೇ ಅದು ಏರುತ್ತದೆ. 1998ರಲ್ಲಿ ರೂಪುಗೊಂಡ ಐರಿಸ್ ಎಂಬ ಅಂತಾರಾಷ್ಟ್ರೀಯ ತಜ್ಞರ ಸಂಘಟನೆ ಈ ಕಾಯಿಲೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಕ್ರಿಯಾಟಿನಿನ್ 1.6 ಮಿಲಿಗ್ರಾಂಗಿಂತ ಕಡಿಮೆಯಿದ್ದು ಬೇರೆ ದೋಷ ಕಂಡರೆ ಮೊದಲ ಹಂತ; 1.6ರಿಂದ 2.8 ಎರಡನೆಯದು, 2.9ರಿಂದ 5.0 ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಬೆಕ್ಕಿನ ನಿರ್ಜಲೀಕರಣ ಸರಿಪಡಿಸಿ, ಅದು ಸ್ಥಿರವಾಗಿರುವಾಗ ಎರಡು ಸಲ ಪರೀಕ್ಷಿಸಿದ ಮೇಲಷ್ಟೇ ಹಂತವನ್ನು ಹೇಳಬೇಕು. ಎರಡನೆಯ ಹಂತದಲ್ಲಿ ಗೊತ್ತಾದ ಎಷ್ಟೋ ಬೆಕ್ಕುಗಳು ಸರಿಯಾದ ಆರೈಕೆಯಲ್ಲಿ ಹಲವು ವರ್ಷ ಚೆನ್ನಾಗಿ ಬದುಕುತ್ತವೆ. ಬೇಗ ಗುರುತಿಸಿ ಎಂದು ಒತ್ತಾಯಿಸುವುದು ಇದಕ್ಕಾಗಿಯೇ.

ಈಗ ಮೂರನೆಯ ಮತ್ತು ಮುಖ್ಯ ಭಾಗಕ್ಕೆ ಬರುತ್ತೇನೆ: ಆಹಾರ.

ಮೂತ್ರಪಿಂಡದ ಕಾಯಿಲೆಯಿರುವ ಸಾಕುಪ್ರಾಣಿಗೆ ಪ್ರತ್ಯೇಕ ಆಹಾರ ಬೇಕು ಎಂಬ ಯೋಚನೆ ಬೇರೂರಿದ್ದು ಒಂದು ನಾಯಿಯಿಂದ. ಅಮೆರಿಕದಲ್ಲಿ ಮಾರಿಸ್ ಫ್ರಾಂಕ್ ಎಂಬ ಅಂಧರು ಬಡ್ಡಿ ಎಂಬ ದಾರಿ ತೋರುವ ನಾಯಿಯೊಂದಿಗೆ ದೇಶ ಸುತ್ತಿ, ಅಂಧರಿಗೆ ಇಂಥ ನಾಯಿಗಳು ಬೇಕೆಂದು ಪ್ರಚಾರ ಮಾಡುತ್ತಿದ್ದರು. 1939ರ ಸುಮಾರಿಗೆ ಬಡ್ಡಿಗೆ ಮೂತ್ರಪಿಂಡದ ಕಾಯಿಲೆ ಬಂದಾಗ ನ್ಯೂಜೆರ್ಸಿಯ ಪಶುವೈದ್ಯ ಡಾ. ಮಾರ್ಕ್ ಮಾರಿಸ್ ಅದಕ್ಕಾಗಿ ವಿಶೇಷ ಆಹಾರ ರೂಪಿಸಿದರು. ಅವರೂ ಅವರ ಪತ್ನಿಯೂ ಅದನ್ನು ಮನೆಯಲ್ಲೇ ಡಬ್ಬಿಗಳಲ್ಲಿ ತುಂಬಿ ಕಳಿಸುತ್ತಿದ್ದರು. 1948ರಲ್ಲಿ ಕನ್ಸಾಸ್‌ನ ಟೊಪೀಕಾದಲ್ಲಿ ಹಿಲ್ ಕಂಪನಿ ಅದರ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ಇಂದು ಪಶುವೈದ್ಯರು ಬರೆದುಕೊಡುವ ಕಿಡ್ನಿ ಆಹಾರಗಳ ಮೂಲ ಅದು.

ಬೆಕ್ಕುಗಳಲ್ಲಿ ಇದಕ್ಕೆ ಪುರಾವೆ ಸಿಕ್ಕಿದ್ದು ತಡವಾಗಿ. 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿಡ್ನಿ ಆಹಾರ ತಿಂದ ಬೆಕ್ಕುಗಳು ಬದುಕಿದ ಮಧ್ಯಾಂಕ ಅವಧಿ 633 ದಿನವಿತ್ತು, ತಿನ್ನದವುಗಳದ್ದು 264 ದಿನ. ಅಲ್ಲಿ ಆಹಾರ ಒಲ್ಲದ ಬೆಕ್ಕುಗಳೇ ಎರಡನೆಯ ಗುಂಪಿನಲ್ಲಿ ಇದ್ದುದರಿಂದ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ. ಅದನ್ನು ಸರಿದೂಗಿಸಿದ್ದು 2006ರ ಅಮೆರಿಕದ ಅಧ್ಯಯನ. 45 ಬೆಕ್ಕುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಎರಡು ವರ್ಷದವರೆಗೆ ನೋಡಲಾಯಿತು. ಸಾಮಾನ್ಯ ಆಹಾರದ ಗುಂಪಿನಲ್ಲಿ ಸುಮಾರು ಕಾಲು ಭಾಗ ಬೆಕ್ಕುಗಳಿಗೆ ರಕ್ತಕ್ಕೆ ವಿಷ ಏರಿ ಕಾಯಿಲೆ ಉಲ್ಬಣಿಸಿತು, ಕಿಡ್ನಿ ಆಹಾರದ ಗುಂಪಿನಲ್ಲಿ ಒಂದಕ್ಕೂ ಹಾಗಾಗಲಿಲ್ಲ. ಈ ಕಾಯಿಲೆಯ ಯಾವ ಔಷಧಕ್ಕೂ ಇದಕ್ಕಿಂತ ಬಲವಾದ ಸಾಕ್ಷ್ಯ ಇದ್ದಂತಿಲ್ಲ.

ಆ ಆಹಾರದಲ್ಲಿ ಏನಿದೆ? ಮೊದಲನೆಯದು ಕಡಿಮೆ ರಂಜಕ, ಅಂದರೆ ಫಾಸ್ಫರಸ್. ಸೋತ ಮೂತ್ರಪಿಂಡ ರಂಜಕವನ್ನು ಹೊರಹಾಕಲಾರದು. ಅದು ರಕ್ತದಲ್ಲಿ ಕೂಡಿದಂತೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಿ ಮೂಳೆಯ ಸುಣ್ಣವನ್ನು ಎಳೆಯುತ್ತದೆ. ಆ ಸುಣ್ಣವೂ ರಂಜಕವೂ ಕೂಡಿ ಮೂತ್ರಪಿಂಡದ ಅಂಗಾಂಶದಲ್ಲೇ ಕೂರುತ್ತವೆ. ಹೀಗೆ ರೋಗವೇ ರೋಗವನ್ನು ಬೆಳೆಸುತ್ತದೆ. ಎರಡನೆಯ ಹಂತದ ಬೆಕ್ಕಿನ ಒಂದು ಡೆಸಿಲೀಟರ್ ರಕ್ತದಲ್ಲಿ ರಂಜಕ 4.6 ಮಿಲಿಗ್ರಾಂ ಒಳಗೆ, ಮೂರನೆಯದರಲ್ಲಿ 5.0 ಒಳಗೆ, ನಾಲ್ಕನೆಯದರಲ್ಲಿ 6.0 ಒಳಗೆ ಇರಬೇಕೆಂಬುದು ಐರಿಸ್ ಇಟ್ಟ ಗುರಿ. ಆಹಾರದಿಂದಲೇ ಸಾಧ್ಯವಾಗದಿದ್ದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ರಂಜಕ ಹಿಡಿಯುವ ಪುಡಿಗಳನ್ನು ವೈದ್ಯರು ಬರೆಯುತ್ತಾರೆ. ಇವನ್ನು ಊಟದಲ್ಲೇ ಕಲಸಬೇಕು. ಬರಿಹೊಟ್ಟೆಗೆ ಕೊಟ್ಟರೆ ಹಿಡಿಯಲು ಅಲ್ಲಿ ರಂಜಕವೇ ಇರುವುದಿಲ್ಲ.

ಎರಡನೆಯದು ಪ್ರೋಟೀನ್. ಇಲ್ಲಿ ನಮ್ಮ ಮನೆಗಳಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಮನೆಯ ಹಿರಿಯರಿಗೆ ಕಿಡ್ನಿ ತೊಂದರೆಯಾದಾಗ ಬೇಳೆ, ಮಾಂಸ ಕಡಿಮೆ ಮಾಡಿದ ನೆನಪಿನಲ್ಲಿ ಬೆಕ್ಕಿಗೂ ಮಾಂಸ ನಿಲ್ಲಿಸಿ ಬರೀ ಅನ್ನಕ್ಕೆ ಇಳಿಸುತ್ತಾರೆ. ಬೆಕ್ಕು ಕಟ್ಟಾ ಮಾಂಸಾಹಾರಿ. ಪ್ರೋಟೀನ್ ಸಿಗದಿದ್ದರೆ ಅದರ ಯಕೃತ್ತು ನಮ್ಮದರಂತೆ ಖರ್ಚನ್ನು ತಗ್ಗಿಸಿಕೊಳ್ಳಲಾರದು, ಸ್ವಂತ ಸ್ನಾಯುವನ್ನೇ ಕರಗಿಸುತ್ತದೆ. ಟಾರಿನ್ ಎಂಬ ಅಂಶವನ್ನು ಬೆಕ್ಕು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗದಿದ್ದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ, ಹೃದಯದ ಸ್ನಾಯು ಸೋಲುತ್ತದೆ ಎಂದು 1987ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆದ್ದರಿಂದ ಕಿಡ್ನಿ ಆಹಾರದಲ್ಲಿ ಪ್ರೋಟೀನ್ ಮಿತವಾಗಿರುತ್ತದೆ, ಆದರೆ ಇದ್ದಷ್ಟೂ ಉತ್ತಮ ಗುಣಮಟ್ಟದ್ದಾಗಿರುತ್ತದೆ. ಇದರ ಜೊತೆಗೆ ಪೊಟ್ಯಾಸಿಯಂ, ಬಿ ಜೀವಸತ್ವಗಳು, ಮೀನೆಣ್ಣೆಯ ಒಮೆಗಾ-3 ಕೊಬ್ಬು ಸೇರಿರುತ್ತವೆ, ಉಪ್ಪು ಮಿತವಾಗಿರುತ್ತದೆ. ಪೊಟ್ಯಾಸಿಯಂ ಇಳಿದ ಬೆಕ್ಕು ಕತ್ತು ಎತ್ತಲಾರದೆ ಗದ್ದವನ್ನು ಎದೆಗೆ ಆನಿಸಿ ಕೂರುತ್ತದೆ. ಇದನ್ನು ಕಂಡರೆ ತಡಮಾಡಬಾರದು.

ಇನ್ನು ನಮ್ಮ ಅಡಿಗೆಮನೆಗೆ ಬರೋಣ. ಬಯಲುಸೀಮೆ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಕ್ಕಿನ ಊಟ ಹಾಲನ್ನ. ಎಳೆಯ ಬೆಕ್ಕು ಅದರ ಮೇಲೆ ಇಲಿ, ಓತಿಕ್ಯಾತ, ಮಿಡತೆ ಹಿಡಿದು ತಿಂದು ತನ್ನ ಪೋಷಣೆಯನ್ನು ತಾನೇ ತುಂಬಿಕೊಳ್ಳುತ್ತದೆ. ಮುದಿಯಾಗಿ ಹಲ್ಲು ಬಿದ್ದು ಬೇಟೆ ನಿಂತ ಮೇಲೆ ಅದಕ್ಕೆ ಉಳಿಯುವುದು ಹಾಲನ್ನ ಮಾತ್ರ. ಹಾಲಿನಲ್ಲಿ ರಂಜಕ ಸಾಕಷ್ಟಿದೆ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಲ್ಯಾಕ್ಟೋಸ್ ಜೀರ್ಣವಾಗದೆ ಭೇದಿಯಾಗುತ್ತದೆ, ಟಾರಿನ್ ಸಾಲದು. ಕರಾವಳಿಯಲ್ಲಿ ಕಥೆ ಬೇರೆ. ಬೂತಾಯಿ, ಬಂಗುಡೆಯ ತಲೆ, ಮುಳ್ಳು, ಕರುಳು ಬೆಕ್ಕಿನ ಪಾಲು. ಮುಳ್ಳಿನಲ್ಲಿ ತುಂಬ ರಂಜಕವಿದೆ. ಒಣಮೀನಿನಲ್ಲಿ ರಂಜಕದ ಮೇಲೆ ಉಪ್ಪೂ ಸೇರಿದೆ. ಕೋಳಿ ಅಂಗಡಿಯಿಂದ ತರುವ ಲಿವರ್, ಮೂಳೆ ಸಾರು, ಮೊಟ್ಟೆಯ ಹಳದಿ ಕೂಡ ಇದೇ ಸಾಲಿಗೆ ಸೇರುತ್ತವೆ. ಮೊಟ್ಟೆಯ ಬೆಂದ ಬಿಳಿಭಾಗ ಒಳ್ಳೆಯ ಪ್ರೋಟೀನ್, ಅದರಲ್ಲಿ ರಂಜಕ ಅತಿ ಕಡಿಮೆ. ಮೂಳೆಯಿಲ್ಲದ ಕೋಳಿ ಎದೆಮಾಂಸ ನಡುವಿನದ್ದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವ ಸಾರೂ ಬೆಕ್ಕಿಗೆ ಸಲ್ಲದು. ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಮೂತ್ರಪಿಂಡದ ರೋಗಿಗೆ ರಕ್ತಹೀನತೆ ಮೊದಲೇ ಹತ್ತಿರವಿರುತ್ತದೆ. ಪ್ಯಾಕೆಟ್ ಆಹಾರ ಕೊಡುವವರು ಕೂಡ ಪಟ್ಟಿ ಓದಬೇಕು. ಸೋಡಿಯಂ ಫಾಸ್ಫೇಟ್‌ನಂಥ ಲವಣ ರೂಪದ ರಂಜಕ ಹೆಚ್ಚು ಬೆರೆತ ಆಹಾರ ಆರೋಗ್ಯವಂತ ಬೆಕ್ಕಿನ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ.

ಸಸ್ಯಾಹಾರಿ ಕುಟುಂಬಗಳವರು ನನ್ನಲ್ಲಿ ಸಂಕೋಚದಿಂದ ಕೇಳುತ್ತಾರೆ, ಮನೆಗೆ ಮಾಂಸ ತರದೆ ಈ ಕಾಯಿಲೆಗೆ ಊಟ ಮಾಡಿಹಾಕಬಹುದೇ ಎಂದು. ಅವರ ಶ್ರದ್ಧೆಯನ್ನು ಗೌರವಿಸಿಯೇ ಹೇಳುತ್ತೇನೆ: ಬರೀ ಹಾಲು, ಬೇಳೆ, ಅನ್ನದಿಂದ ಸಾಧ್ಯವಿಲ್ಲ. ಅಂಥ ಮನೆಗೆ ಡಬ್ಬಿ ಅಥವಾ ಪೌಚಿನಲ್ಲಿ ಬರುವ ಕಿಡ್ನಿ ಆಹಾರವೇ ದಾರಿ. ಅದನ್ನು ಬೇಯಿಸಬೇಕಿಲ್ಲ, ಮುಟ್ಟಬೇಕೆಂದೂ ಇಲ್ಲ. ಪ್ರತ್ಯೇಕ ಚಮಚ, ಪ್ರತ್ಯೇಕ ತಟ್ಟೆ ಸಾಕು. ಮನೆಯಲ್ಲೇ ಅಡುಗೆ ಮಾಡಿಹಾಕಬೇಕೆನ್ನುವವರು ಪಶು ಪೋಷಣಾ ತಜ್ಞರಿಂದ ಬರೆಸಿಕೊಂಡ ಅಳತೆಯನ್ನು, ಅವರು ಹೇಳಿದ ಟಾರಿನ್, ಸುಣ್ಣ, ಜೀವಸತ್ವಗಳ ಸಮೇತ ಪಾಲಿಸಬೇಕು. ನಾಯಿ ಬೆಕ್ಕುಗಳ ಕಿಡ್ನಿ ಕಾಯಿಲೆಗೆಂದು ಪುಸ್ತಕಗಳಲ್ಲೂ ಇಂಟರ್ನೆಟ್ಟಿನಲ್ಲೂ ಸಿಗುವ ಮನೆಯಡುಗೆಯ ವಿಧಾನಗಳನ್ನು ಅಮೆರಿಕದ ತಜ್ಞರು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎಲ್ಲ ಪೋಷಕಾಂಶಗಳೂ ಸಾಕಷ್ಟಿದ್ದ ವಿಧಾನ ಒಂದೂ ಇರಲಿಲ್ಲ.

ಹೊಸ ಆಹಾರ ಕೊಡುವ ರೀತಿಯೂ ಆಹಾರದಷ್ಟೇ ಮುಖ್ಯ. ಬೆಕ್ಕು ರುಚಿಗಿಂತ ವಾಸನೆ ನಂಬುವ ಪ್ರಾಣಿ. ವಾಕರಿಕೆ ಇರುವಾಗ ಕೊಟ್ಟ ಊಟವನ್ನು ಆ ಸಂಕಟದೊಂದಿಗೆ ನೆನಪಿಟ್ಟುಕೊಂಡು ಮತ್ತೆಂದೂ ಮುಟ್ಟದೆ ಹೋಗಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿರುವಾಗ ಹೊಸ ಆಹಾರ ಶುರುಮಾಡಬಾರದು. ಮನೆಗೆ ಬಂದು ಹಸಿವು ಮರಳಿದ ಮೇಲೆ ಹಳೆಯದರ ಪಕ್ಕ ಸ್ವಲ್ಪ ಹೊಸದನ್ನು ಇಟ್ಟು, ಮೂರು ನಾಲ್ಕು ವಾರಗಳಲ್ಲಿ ಪಾಲು ಬದಲಿಸುತ್ತ ಹೋಗಬೇಕು. ಹಟಮಾರಿ ಬೆಕ್ಕಿಗೆ ಇನ್ನೂ ಹೆಚ್ಚು ದಿನ ಹಿಡಿದರೂ ಚಿಂತೆಯಿಲ್ಲ. ಮೈ ಬೆಚ್ಚಗಿರುವಷ್ಟು ಬಿಸಿ ಮಾಡಿದರೆ ವಾಸನೆ ಏಳುತ್ತದೆ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಹಾಕಬೇಕು. ಬಾಯಿ ತೆರೆದು ತುರುಕಬಾರದು.

ಇಲ್ಲಿ ಒಂದು ನಿಯಮವನ್ನು ಒತ್ತಿ ಹೇಳುತ್ತೇನೆ. ಉತ್ತಮ ಆಹಾರವನ್ನು ತಿನ್ನದಿರುವುದಕ್ಕಿಂತ ಸಾಧಾರಣ ಆಹಾರವನ್ನು ತಿನ್ನುವುದು ಮೇಲು. ಹಸಿದರೆ ತಾನೇ ತಿನ್ನುತ್ತದೆ ಎಂಬ ಹಟ ಬೆಕ್ಕಿನ ವಿಷಯದಲ್ಲಿ ಅಪಾಯ. ಎರಡು ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದೇ ಪ್ರಾಣಕ್ಕೆ ಎರವಾಗಬಹುದು. ಕಿಡ್ನಿ ಆಹಾರ ದುಬಾರಿಯೆಂಬುದು ನಿಜ. ಕೊಳ್ಳಲಾಗದ ಮನೆಯವರು ಕೈಚೆಲ್ಲಬೇಕಿಲ್ಲ. ಮುಳ್ಳು, ಮೂಳೆ, ಲಿವರ್, ಒಣಮೀನು, ಹಾಲು ಬಿಡಿಸಿ, ಸಾಧಾರಣ ಒದ್ದೆ ಆಹಾರಕ್ಕೆ ವೈದ್ಯರು ಹೇಳಿದ ರಂಜಕ ಹಿಡಿಯುವ ಪುಡಿ ಕಲಸಿ ಹಾಕಿದರೂ ಪ್ರಯೋಜನವುಂಟು.

ಆಹಾರದ ಮಾತು ನೀರಿಲ್ಲದೆ ಮುಗಿಯುವುದಿಲ್ಲ. ಸೋತ ಮೂತ್ರಪಿಂಡ ತಳ ತೂತಾದ ಕೊಡವಿದ್ದಂತೆ, ತುಂಬುತ್ತಲೇ ಇರಬೇಕು. ಮನೆಯೆಲ್ಲ ಉಚ್ಚೆ ಎಂದು ಬೇಸತ್ತು ನೀರಿನ ಬಟ್ಟಲನ್ನು ಎತ್ತಿಡುವವರಿದ್ದಾರೆ. ಇದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಒದ್ದೆ ಆಹಾರದಲ್ಲಿ ಸುಮಾರು 75ರಿಂದ 80% ನೀರಿರುತ್ತದೆ. ಅದಕ್ಕೆ ಇನ್ನೆರಡು ಚಮಚ ಬಿಸಿನೀರು ಬೆರೆಸಬಹುದು. ಅಗಲ ಬಾಯಿಯ ಬಟ್ಟಲುಗಳನ್ನು ಮರಳಿನ ಟ್ರೇಯಿಂದ ದೂರ, ಮನೆಯ ಹಲವು ಕಡೆ ಇಡಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಟ್ಟಲು ಬತ್ತಿದ ಒಂದು ಮಧ್ಯಾಹ್ನ ಸಾಕು, ಸ್ಥಿರವಾಗಿದ್ದ ಬೆಕ್ಕು ಹದಗೆಡಲು. ಕೀಲುನೋವಿನ ಮುದಿ ಬೆಕ್ಕು ಮೆಟ್ಟಿಲು ಹತ್ತಿ ನೀರಿಗೆ ಹೋಗದು, ಅದು ಮಲಗುವ ಕಡೆಯೇ ನೀರಿರಲಿ.

ಇನ್ನು ಕೊನೆಯ ಭಾಗ: ಔಷಧ ಮತ್ತು ಆರೈಕೆ. ಇದನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತೀರ್ಮಾನ ನಿಮ್ಮ ಬೆಕ್ಕನ್ನು ನೋಡಿದ ವೈದ್ಯರದ್ದು. ಮೂತ್ರಪಿಂಡದ ಕಾಯಿಲೆಯಲ್ಲಿ ರಕ್ತದೊತ್ತಡ ಏರುವುದು ಸಾಮಾನ್ಯ. 160 ದಾಟಿ ನಿಂತರೆ ಚಿಕಿತ್ಸೆ ಬೇಕು. ಗಮನಿಸದೆ ಬಿಟ್ಟರೆ ಅಕ್ಷಿಪಟಲ ಕಳಚಿ ಬೆಕ್ಕು ರಾತ್ರಿ ಬೆಳಗಾಗುವುದರಲ್ಲಿ ಕುರುಡಾಗಬಹುದು. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಇದಕ್ಕೆ ಬಳಸುವ ಔಷಧಗಳು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೂ ಟೆಲ್ಮಿಸಾರ್ಟನ್ ನೆರವಾಗುತ್ತದೆ. ವಾಕರಿಕೆಗೆ ಮರೋಪಿಟಂಟ್, ಹಸಿವಿಗೆ ಮಿರ್ಟಜಪಿನ್ ಕೊಡುತ್ತಾರೆ. ಕಾಯಿಲೆ ಮುಂದುವರಿದ ಬೆಕ್ಕಿಗೆ ಭುಜಗಳ ನಡುವಿನ ಸಡಿಲ ಚರ್ಮದಡಿ ರಿಂಗರ್ ಲ್ಯಾಕ್ಟೇಟ್ ದ್ರವವನ್ನು ಮನೆಯಲ್ಲೇ ಕೊಡಬಹುದು. ಸೂಜಿಯೆಂದು ಹೆದರುತ್ತಿದ್ದ ಎಷ್ಟೋ ಗೃಹಿಣಿಯರು, ನಿವೃತ್ತರು ಒಮ್ಮೆ ತೋರಿಸಿಕೊಟ್ಟ ಮೇಲೆ ತುಂಬ ನಾಜೂಕಾಗಿ ಇದನ್ನು ಮಾಡುವುದನ್ನು ಕಂಡಿದ್ದೇನೆ. ಪ್ರಮಾಣ ಮಾತ್ರ ವೈದ್ಯರು ಹೇಳಿದಷ್ಟೇ, ಹೃದಯ ದುರ್ಬಲವಿದ್ದರೆ ಹೆಚ್ಚಾದ ದ್ರವ ಎದೆಗೆ ತುಂಬುತ್ತದೆ.

ಮಾಡಬಾರದ್ದೂ ಇದೆ. ನಮ್ಮ ಡಬ್ಬಿಯ ಮಾತ್ರೆ ಬೆಕ್ಕಿಗಲ್ಲ. ಜ್ವರಕ್ಕೆಂದು ಕೊಟ್ಟ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನೇರವಾಗಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಸಮಾರಂಭದ ಹೂಗುಚ್ಛದಲ್ಲಿ ಬರುವ ಲಿಲಿ ಹೂವಿನ ಎಲೆ ಕಚ್ಚಿದರೂ ಮೈಗೆ ಅಂಟಿದ ಪರಾಗ ನೆಕ್ಕಿದರೂ ಮೂತ್ರಪಿಂಡ ಕೆಲವೇ ದಿನಗಳಲ್ಲಿ ನಿಂತುಹೋಗುತ್ತದೆ. ಬೆಕ್ಕಿರುವ ಮನೆಗೆ ಆ ಹೂವು ಬೇಡ. ಮನುಷ್ಯರ ಕಿಡ್ನಿಗೆಂದು ಹೇಳುವ ಕಷಾಯ, ಚೂರ್ಣಗಳನ್ನೂ ಕೊಡಬೇಡಿ.

ಸಂಶೋಧನೆ ನಿಂತಿಲ್ಲ. ಜಪಾನಿನ ವಿಜ್ಞಾನಿ ತೋರು ಮಿಯಾಝಾಕಿ ಎಐಎಂ ಎಂಬ ರಕ್ತದ ಪ್ರೋಟೀನನ್ನು ಗುರುತಿಸಿ, ಮೂತ್ರಪಿಂಡದ ನಾಳಗಳಲ್ಲಿ ಕಟ್ಟಿಕೊಂಡ ಕಸವನ್ನು ತೆಗೆಸುವ ಈ ಪ್ರೋಟೀನ್ ಬೆಕ್ಕುಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ತೋರಿಸಿದರು. 2021ರಲ್ಲಿ ಅವರ ಕೆಲಸಕ್ಕೆ ಹಣ ಸಾಲದೆಂಬ ಸುದ್ದಿ ಬಂದಾಗ ಜಪಾನಿನ ಬೆಕ್ಕು ಸಾಕಿದವರು ಟೋಕಿಯೊ ವಿಶ್ವವಿದ್ಯಾನಿಲಯಕ್ಕೆ ತಾವಾಗಿ ಅಪಾರ ದೇಣಿಗೆ ಕಳಿಸಿದರು. ದತ್ತಿಯೊಂದರ ಆಶ್ರಯದಲ್ಲಿ ಸೇರಿರುವ ನಮಗೆ ಇದು ಗಮನಾರ್ಹ. ಜನ ಮನಸ್ಸು ಮಾಡಿದರೆ ಬೆಕ್ಕಿನ ಕಾಯಿಲೆಯೂ ಸಾರ್ವಜನಿಕ ಕಾಳಜಿಯಾಗಬಲ್ಲದು.

ಅಂತ್ಯದ ದಿನಗಳ ಬಗ್ಗೆಯೂ ಮಾತಾಡಬೇಕು. ಎಷ್ಟೇ ಆರೈಕೆ ಮಾಡಿದರೂ ಒಂದು ಹಂತದಲ್ಲಿ ಬೆಕ್ಕು ತಿನ್ನುವುದನ್ನು ಬಿಡುತ್ತದೆ, ತನ್ನವರ ಕೈಗೂ ಪ್ರತಿಕ್ರಿಯಿಸುವುದಿಲ್ಲ. ಆಗ ಸಂಖ್ಯೆಗಳನ್ನು ಬದಿಗಿಟ್ಟು ದಿನಗಳನ್ನು ನೋಡಬೇಕು. ತಾನಾಗಿ ಉಂಡ, ಮೈ ನೆಕ್ಕಿಕೊಂಡ, ಕರೆದಾಗ ತಲೆ ಎತ್ತಿದ ದಿನಗಳು ಹೆಚ್ಚೋ, ಸಂಕಟದ ದಿನಗಳು ಹೆಚ್ಚೋ ಎಂದು ಮನೆಯವರು ಬರೆದಿಟ್ಟರೆ ಉತ್ತರ ಅವರಿಗೇ ಗೊತ್ತಾಗುತ್ತದೆ. ನೋವಿಲ್ಲದ ವಿದಾಯವನ್ನು ವೈದ್ಯರ ಜೊತೆ ಚರ್ಚಿಸುವುದು ಕೈಬಿಟ್ಟಂತಲ್ಲ. ಅದನ್ನು ಒಲ್ಲದ ಮನೆಯವರಿಗೂ ನೋವು, ವಾಕರಿಕೆ ತಗ್ಗಿಸಿ ಕೊನೆಯವರೆಗೆ ನೋಡಿಕೊಳ್ಳುವ ದಾರಿಯಿದೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಅವರನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಮಾತು ಮುಗಿಸುವ ಮುನ್ನ ಮೂರು ಕೋರಿಕೆಗಳು. ಬೆಕ್ಕು ಸಾಕಿದವರಲ್ಲಿ: ಏಳು ವರ್ಷ ದಾಟಿದ ಬೆಕ್ಕನ್ನು ತಿಂಗಳಿಗೊಮ್ಮೆ ತೂಗಿ, ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ಹತ್ತು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ. ಪಶುವೈದ್ಯ ಮಿತ್ರರಲ್ಲಿ: ಮದ್ದಿನ ಚೀಟಿಯ ಜೊತೆ ಊಟದ ಚೀಟಿಯನ್ನೂ ಕನ್ನಡದಲ್ಲಿ, ಆ ಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳಿಕೊಂಡು ಬರೆದುಕೊಡಿ. ನಮ್ಮ ಸಂಸ್ಥೆಗಳಲ್ಲಿ: 1958ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನಿಂದ ಇಂದು ಬೀದರ್‌ನಲ್ಲಿ ಕೇಂದ್ರವಿರುವ ವಿಶ್ವವಿದ್ಯಾಲಯದವರೆಗೆ ಈ ನಾಡು ಪಶುವೈದ್ಯ ವಿದ್ಯೆಯನ್ನು ಕಟ್ಟಿ ಬೆಳೆಸಿದೆ. ಅಕ್ಕಿ, ಮೊಟ್ಟೆ, ಕೋಳಿಮಾಂಸಗಳಂಥ ಇಲ್ಲಿನ ಪದಾರ್ಥಗಳಿಂದ, ಸಾಮಾನ್ಯ ಕುಟುಂಬಕ್ಕೆ ಎಟಕುವ ಬೆಲೆಯಲ್ಲಿ, ಪರೀಕ್ಷಿಸಿ ಒಪ್ಪಿದ ಬೆಕ್ಕಿನ ಕಿಡ್ನಿ ಆಹಾರವೊಂದನ್ನು ರೂಪಿಸುವ ಸಾಮರ್ಥ್ಯ ನಮ್ಮಲ್ಲಿದೆ. ಮಾರಿಸ್ ದಂಪತಿ ಇಂಥ ಕೆಲಸವನ್ನು ಮನೆಯ ಒಲೆಯ ಮೇಲೆ ಶುರುಮಾಡಿದರು. ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರು ಈ ಕೆಲಸವನ್ನು ತಮ್ಮ ಸಂಶೋಧನೆಯಾಗಿ ಎತ್ತಿಕೊಳ್ಳಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.